ಮಧ್ಯಾಹ್ನ ಬಾಡಿ ಸಂಜೆ ಏಳುವ ಟೊಮೆಟೊ: ಕೋಲಾರದ ಒಂದು ಹಿತ್ತಲಿನ ಪ್ರಕರಣ

ಅಂತರಗಂಗೆ ಬೆಟ್ಟದ ಕೆಳಗೆ, ಕೋಲಾರ ಊರಿನ ಅಂಚಿನಲ್ಲಿ ನಮ್ಮ ಚಿಕ್ಕಮ್ಮನ ಮನೆ ಇದೆ. ಹಿತ್ತಲಲ್ಲಿ ನಾಲ್ಕು ಮಡಿ. ಒಂದೊಂದೂ 10 ಅಡಿ ಉದ್ದ, 4 ಅಡಿ ಅಗಲ. ಪಶ್ಚಿಮಕ್ಕೆ ಕಾಂಪೌಂಡು, ಅದಕ್ಕೆ ಒತ್ತಿಕೊಂಡು ಹಳೇ ಕರಿಬೇವಿನ ಮರ. ಮೂಲೆಯಲ್ಲಿ ಗೊಬ್ಬರದ ಗುಂಡಿ. ಎಂಟು ವರ್ಷದಿಂದ ಆ ಮಣ್ಣಿಗೆ ಒಂದು ಹಿಡಿ ಯೂರಿಯಾ ಬಿದ್ದಿಲ್ಲ, ಒಂದು ಹನಿ ಕೀಟನಾಶಕ ಸೋಕಿಲ್ಲ. ಸಗಣಿ ಗೊಬ್ಬರ, ಬೇವಿನ ಕಷಾಯ, ಸಗಣಿ-ಗಂಜಲ ಹುಳಿಸಿದ ಜೀವಾಮೃತ, ಒಣ ಎಲೆಯ ಹೊದಿಕೆ, ಇಷ್ಟೇ. ಮನೆಗೆ ಬೇಕಾದ ತರಕಾರಿಯಲ್ಲಿ ಅರ್ಧಕ್ಕಿಂತ ಜಾಸ್ತಿ ಅಲ್ಲಿಂದಲೇ ಬರುತ್ತಿತ್ತು.

ಹೋದ ವರ್ಷ ಫೆಬ್ರವರಿ ಕೊನೆಯಲ್ಲಿ ಚಿಕ್ಕಮ್ಮ ಫೋನ್ ಮಾಡಿದರು. "ಬೆಳಗ್ಗೆ ನೀರು ಹಾಕ್ತೀನಿ, ಸಂಜೆನೂ ಹಾಕ್ತೀನಿ. ಮಧ್ಯಾಹ್ನ ನೋಡಿದ್ರೆ ಎಲ್ಲಾ ತಲೆ ಬಗ್ಗಿಸ್ಕೊಂಡು ನಿಂತಿರ್ತವೆ ಕಣೇ. ಸಂಜೆ ಮತ್ತೆ ಎದ್ದು ನಿಲ್ತವೆ. ಏನಂತ ಅರ್ಥನೇ ಆಗ್ತಿಲ್ಲ."

ಮೊದಲನೇ ಮಡಿಯಲ್ಲಿ 14 ಟೊಮೆಟೊ ಗಿಡ. ಎರಡನೆಯದರಲ್ಲಿ ಬದನೆ, ಮೆಣಸಿನಕಾಯಿ. ಮೂರನೆಯದರಲ್ಲಿ ಹುರುಳಿಕಾಯಿ, ನಾಲ್ಕನೆಯದರಲ್ಲಿ ಸೊಪ್ಪು. ಟೊಮೆಟೊ ಮೊಣಕಾಲೆತ್ತರಕ್ಕೆ ಬಂದು ಅಲ್ಲೇ ನಿಂತುಬಿಟ್ಟಿತ್ತು. ಕೆಳಗಿನ ಎಲೆ ಹಳದಿ. ಕಾಯಿ ಗೋಲಿಯಷ್ಟು. ಬದನೆಯೂ ಮಂಕಾಗಿತ್ತು.

ಏಷ್ಯಾದ ದೊಡ್ಡ ಟೊಮೆಟೊ ಮಾರುಕಟ್ಟೆಗಳಲ್ಲಿ ಒಂದು ಇರುವ ಊರು ಇದು. ಟೊಮೆಟೊ ಬಗ್ಗೆ ಗೊತ್ತಿಲ್ಲದವರು ಯಾರು? ಸಲಹೆಗಳಿಗೆ ಬರವಿರಲಿಲ್ಲ. ನೀರು ಸಾಲದು ಅಂದರು ಒಬ್ಬರು. ಗೊಬ್ಬರದ ಬಲ ಸಾಲದು ಅಂದರು ಇನ್ನೊಬ್ಬರು. ಚಿಕ್ಕಮ್ಮ ಎರಡನ್ನೂ ಕೇಳಿದರು. ನೀರು ಎರಡು ಹೊತ್ತಾಯಿತು. ಹದಿನೈದು ದಿನಕ್ಕೊಮ್ಮೆ ಹಾಕುತ್ತಿದ್ದ ಜೀವಾಮೃತ ವಾರಕ್ಕೊಮ್ಮೆ ಆಯಿತು. ಬುಟ್ಟಿ ಬುಟ್ಟಿ ಗೊಬ್ಬರ ಸುರಿದರು. ಗಿಡ ಮಾತ್ರ ಇದ್ದ ಹಾಗೇ ಇತ್ತು. ನದಿ ಇಲ್ಲದ, ಬೋರ್‌ವೆಲ್ ನಂಬಿದ ಊರಲ್ಲಿ ದಿನಕ್ಕೆ ಆರು ಕೊಡ ಜಾಸ್ತಿ ನೀರು ಸುಮ್ನೆ ಹೋಗುತ್ತಿತ್ತಲ್ಲ, ಅದು ನನಗೆ ಇವತ್ತಿಗೂ ಸಂಕಟದ ವಿಷಯ.

ಇದನ್ನೆಲ್ಲ ಬರೆಯುತ್ತಿರುವುದು ಒಂದೇ ಕಾರಣಕ್ಕೆ. ಅಷ್ಟು ದಿನ ಅಷ್ಟು ಜನ ಎಲೆ ನೋಡಿದರು, ಕಾಯಿ ನೋಡಿದರು, ಮಣ್ಣಿನ ತೇವ ನೋಡಿದರು. ಬೇರನ್ನು ಯಾರೂ ನೋಡಲಿಲ್ಲ. ನಾನೂ ಮೊದಲ ಸಲ ಫೋನಿನಲ್ಲಿ ಕೇಳಿದಾಗ ಬೇರಿನ ಮಾತು ಎತ್ತಲಿಲ್ಲ.

ಒಂದು ಭಾನುವಾರದ ಪರೀಕ್ಷೆ

ಮುಂದಿನ ಭಾನುವಾರ ಹೋದೆ. ಪಕ್ಕದ ಮನೆಯ ಹುಡುಗ ಟಮಕದ ತೋಟಗಾರಿಕೆ ಕಾಲೇಜಿನಲ್ಲಿ ಓದುತ್ತಾನೆ. ಅವನೂ ಗೋಡೆ ಹಾರಿ ಬಂದ.

ಟೊಮೆಟೊ ಬಾಡಿದರೆ ಮೊದಲು ಬರುವ ಭಯ ದುಂಡಾಣು ಸೊರಗು ರೋಗದ್ದು. ಅದಕ್ಕೆ ಮದ್ದಿಲ್ಲ, ಗಿಡ ಕಿತ್ತು ಹಾಕಬೇಕು. ಅದನ್ನು ಮನೆಯಲ್ಲೇ ಪತ್ತೆ ಮಾಡಬಹುದು. ಹುಡುಗ ಒಂದು ಗಿಡವನ್ನು ನೆಲದ ಮಟ್ಟಕ್ಕೆ ಕುಯ್ದು, ಬುಡದ ಕಡೆಯ ಎರಡು ಇಂಚು ಕಾಂಡ ತೆಗೆದುಕೊಂಡ. ಗಾಜಿನ ಲೋಟದ ತುಂಬ ತಿಳಿನೀರು. ಕಾಂಡದ ಕುಯ್ದ ತುದಿ ಮಾತ್ರ ನೀರಿನೊಳಗೆ ಇಳಿಯುವ ಹಾಗೆ ಹಿಡಿದು, ಅಲ್ಲಾಡಿಸದೆ ನಿಂತ. ಆ ರೋಗ ಇದ್ದಿದ್ದರೆ ಐದು ನಿಮಿಷದಲ್ಲಿ ಕುಯ್ದ ಜಾಗದಿಂದ ಹಾಲಿನ ಎಳೆಯಂಥದ್ದು ಸಣ್ಣಗೆ ಕೆಳಗಿಳಿಯಬೇಕು. ನಾವು ಹತ್ತು ನಿಮಿಷ ಕಾದೆವು. ನೀರು ಇದ್ದಷ್ಟೇ ತಿಳಿ. ಚಿಕ್ಕಮ್ಮ ಉಸಿರು ಬಿಟ್ಟರು.

ಅದೂ ಅಲ್ಲದೆ ದುಂಡಾಣು ಸೊರಗಾಗಿದ್ದರೆ ಎಲೆ ಹಸಿರಾಗಿರುವಾಗಲೇ ಗಿಡ ಪೂರ್ತಿ ಕುಸಿಯುತ್ತದೆ. ಮೊದಲ ಒಂದೆರಡು ದಿನ ಸಂಜೆ ಸ್ವಲ್ಪ ಎದ್ದಂತೆ ಕಂಡರೂ ಆಮೇಲೆ ಏಳುವುದಿಲ್ಲ. ಇಲ್ಲಿ ಮೂರು ವಾರದಿಂದ ಬಾಡುವುದು, ಏಳುವುದು ನಡೆದಿತ್ತು. ಶಿಲೀಂಧ್ರದಿಂದ ಬರುವ ಸೊರಗು ಇನ್ನೊಂದಿದೆ. ಅದರಲ್ಲಿ ಕಾಂಡವನ್ನು ಉದ್ದಕ್ಕೆ ಸೀಳಿದರೆ ಒಳಗೆ ಕಂದು ಗೆರೆ ಕಾಣುತ್ತದೆ, ಎಷ್ಟೋ ಸಲ ಗಿಡದ ಒಂದೇ ಪಕ್ಕ ಹಳದಿಯಾಗುತ್ತದೆ. ಸೀಳಿ ನೋಡಿದೆವು. ಒಳಗೆ ಬಿಳಿ.

ಉಳಿದದ್ದು ಬೇರು. ಚಿಕ್ಕಮ್ಮ ಗಿಡದ ಕುತ್ತಿಗೆ ಹಿಡಿದು ಎಳೆಯಲು ಹೋದರು. ಹಾಗೆ ಎಳೆದರೆ ಸಣ್ಣ ಬೇರೆಲ್ಲ ಮಣ್ಣಲ್ಲೇ ತುಂಡಾಗುತ್ತದೆ, ನೋಡಬೇಕಾದದ್ದೇ ಕೈಗೆ ಬರುವುದಿಲ್ಲ. ಸನಿಕೆಯಲ್ಲಿ ಸುತ್ತ ಒಂದು ಗೇಣು ಬಿಟ್ಟು ಅಗೆದು, ಮಣ್ಣಿನ ಹೆಂಟೆ ಸಮೇತ ಎತ್ತಿ ಬಕೆಟ್ ನೀರಿನಲ್ಲಿ ಮುಳುಗಿಸಿದೆವು. ಮಣ್ಣು ತಾನಾಗಿ ಬಿಟ್ಟುಕೊಂಡಿತು.

ಬೇರು ಮೇಲೆ ಬಂದಾಗ ಮೂವರೂ ಸುಮ್ಮನಾದೆವು. ಆರೋಗ್ಯವಾದ ಟೊಮೆಟೊ ಬೇರು ದಾರದ ಉಂಡೆಯ ಹಾಗೆ, ಸಣ್ಣ ಎಳೆಗಳಿಂದ ತುಂಬಿರುತ್ತದೆ. ಇದು ಗಂಟು ಗಂಟಾಗಿ ಪೋಣಿಸಿದ ಮಣಿಸರದ ಹಾಗಿತ್ತು. ಕೆಲವು ಗಂಟು ಸಾಸಿವೆಯಷ್ಟು, ಕೆಲವು ಕಡಲೆಕಾಳಿನಷ್ಟು. ಕಾಂಡದ ಹತ್ತಿರ ಅವೆಲ್ಲ ಕೂಡಿಕೊಂಡು ಹಸಿಶುಂಠಿಯ ತುಂಡಿನ ಹಾಗೆ ಊದಿದ್ದವು. ನೀರು ಹೀರುವ ಎಳೆಬೇರು ಹುಡುಕಿದರೂ ಇಲ್ಲ.

"ಬೇರುಗಂಟು ಆಂಟಿ. ಜಂತುಹುಳು," ಅಂದ ಹುಡುಗ.

ಚಿಕ್ಕಮ್ಮ ಓಡಿಹೋಗಿ ಒಂದು ಹುರುಳಿಕಾಯಿ ಗಿಡ ಕಿತ್ತು ತಂದರು. ಅದರ ಬೇರಿನಲ್ಲೂ ಗಂಟು. ಇದೂ ಹೋಯಿತು ಅಂತ ಕಣ್ಣು ತುಂಬಿಕೊಂಡರು. ಇಲ್ಲಿ ಸ್ವಲ್ಪ ನಿಧಾನಿಸಬೇಕು. ಹುರುಳಿಕಾಯಿ, ಅವರೆ, ಅಲಸಂದೆ, ಕಡಲೆಕಾಯಿ ಬೇರಿನಲ್ಲಿ ಒಳ್ಳೆಯ ಗಂಟೂ ಇರುತ್ತದೆ. ಗಾಳಿಯ ಸಾರಜನಕ ಹಿಡಿದು ಗಿಡಕ್ಕೆ ಕೊಡುವ ಸೂಕ್ಷ್ಮಜೀವಿಗಳ ಮನೆ ಅದು. ಎರಡನ್ನೂ ಬೇರೆ ಮಾಡುವುದು ಸುಲಭ. ಒಳ್ಳೆಯ ಗಂಟು ಬೇರಿನ ಪಕ್ಕಕ್ಕೆ ಅಂಟಿಸಿದ ಹಾಗಿರುತ್ತದೆ, ಉಗುರಿನಲ್ಲಿ ತಳ್ಳಿದರೆ ಉದುರುತ್ತದೆ, ಒಡೆದರೆ ಒಳಗೆ ತಿಳಿಗೆಂಪು. ಜಂತುಹುಳುವಿನ ಗಂಟೆಂದರೆ ಬೇರು ತಾನೇ ಊದಿಕೊಂಡದ್ದು. ಅದು ಉದುರುವುದಿಲ್ಲ, ಉಗುರು ಹಾಕಿದರೆ ಬೇರು ಹರಿದುಹೋಗುತ್ತದೆ. ಚಿಕ್ಕಮ್ಮನ ಕೈಯಲ್ಲಿದ್ದ ಗಿಡದಲ್ಲಿ ಎರಡೂ ಇದ್ದವು. ಉದುರಿದ ಒಂದನ್ನು ಒಡೆದು ಆ ಗುಲಾಬಿ ಬಣ್ಣ ತೋರಿಸಿದೆ. ಅವರ ಮುಖ ಸ್ವಲ್ಪ ಗೆಲುವಾಯಿತು.

ಹುಳು ಎಲ್ಲಿಂದ ಬಂತು

ಮಣ್ಣಿನಲ್ಲಿರುವ ಈ ಹುಳು (ನೆಮಟೋಡ್) ಕಣ್ಣಿಗೆ ಕಾಣುವುದಿಲ್ಲ, ಮರಿಯ ಉದ್ದ ಅರ್ಧ ಮಿಲಿಮೀಟರಿಗೂ ಕಡಿಮೆ. ಬೇರಿನ ತುದಿಯಿಂದ ಒಳಗೆ ಹೊಕ್ಕು ಒಂದು ಕಡೆ ಕೂತುಬಿಡುತ್ತದೆ. ಅದರ ಸುತ್ತಲಿನ ಜೀವಕೋಶಗಳು ದೈತ್ಯವಾಗಿ ಬೆಳೆದು ಅದಕ್ಕೇ ಊಟ ಬಡಿಸುತ್ತವೆ. ಅದೇ ಗಂಟು. ಬೇರಿನೊಳಗೆ ನೀರು ಏರುವ ನಾಳಗಳು ಅಲ್ಲಿ ತಿರುಚಿಕೊಳ್ಳುತ್ತವೆ. ಬೆಳಗ್ಗೆ, ಸಂಜೆ ಎಲೆಗೆ ಬೇಕಾಗುವ ನೀರು ಕಡಿಮೆ, ಹೇಗೋ ಸಾಗುತ್ತದೆ. ನೆತ್ತಿ ಮೇಲೆ ಬಿಸಿಲು ಬಂದಾಗ ಎಲೆ ಕೇಳುವಷ್ಟು ನೀರನ್ನು ಆ ಬೇರು ಎತ್ತಲಾರದು. ಅದಕ್ಕೇ ಮಧ್ಯಾಹ್ನ ಬಾಡುವುದು. ಮಣ್ಣಲ್ಲಿ ನೀರಿಗೇನೂ ಕೊರತೆ ಇರಲಿಲ್ಲ. ಹಳದಿ ಎಲೆಯ ಕಾರಣವೂ ಇದೇ. ಜೀವಾಮೃತ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ, ನನ್ನ ಮನೆಯಲ್ಲೂ ಹಾಕುತ್ತೇನೆ. ಉಣ್ಣುವ ಬಾಯೇ ಕಟ್ಟಿಹೋಗಿರುವಾಗ ಎಷ್ಟು ಬಡಿಸಿದರೇನು?

ಒಂದು ಹೆಣ್ಣು ಹುಳು ನೂರಾರು ಮೊಟ್ಟೆ ಇಡುತ್ತದೆ. ನಮ್ಮ ಸೀಮೆಯ ಸೆಕೆಗೆ ಒಂದು ತಲೆಮಾರು ಮುಗಿಯಲು ಹೆಚ್ಚುಕಡಿಮೆ ಒಂದು ತಿಂಗಳು ಸಾಕು. ಒಂದು ಟೊಮೆಟೊ ಬೆಳೆ ಮುಗಿಯುವಷ್ಟರಲ್ಲಿ ಮೂರು ನಾಲ್ಕು ತಲೆಮಾರು.

ಕೂತು ಲೆಕ್ಕ ಹಾಕಿದೆವು. ಎರಡು ವರ್ಷದ ಹಿಂದೆ ಮಡಿ ಎತ್ತರಿಸಲು ಒಂದು ಟ್ರ್ಯಾಕ್ಟರ್ ಕೆಂಪು ಮಣ್ಣು ತರಿಸಿದ್ದರು. ವರ್ಷಗಟ್ಟಲೆ ಟೊಮೆಟೊ ಬೆಳೆದು ಬಿಟ್ಟ ಹೊಲದ ಮಣ್ಣು ಅದು. ಮೊದಲ ಎರಡು ಮಡಿಗೆ ಪೂರ್ತಿ, ಮೂರನೆಯದಕ್ಕೆ ಅರ್ಧ ಬಿತ್ತು. ನಾಲ್ಕನೆಯದಕ್ಕೆ ಬೀಳಲಿಲ್ಲ. ಆ ನಾಲ್ಕನೇ ಮಡಿಯ ದಂಟು ಕಿತ್ತು ನೋಡಿದರೆ ಬೇರು ಹೆಚ್ಚೂಕಡಿಮೆ ಶುದ್ಧ. ಗೊಬ್ಬರದ ಗುಂಡಿ ಕಡೆಯ ತುದಿಯಲ್ಲಿ ಮಾತ್ರ ಅಲ್ಲೊಂದು ಇಲ್ಲೊಂದು ಗಂಟು.

ಆ ತುದಿಯಲ್ಲೇಕೆ? ಇದನ್ನು ಕಂಡುಕೊಂಡದ್ದು ಚಿಕ್ಕಮ್ಮನೇ. ಬೆಳೆ ಮುಗಿದ ಮೇಲೆ ಹಳೇ ಗಿಡವನ್ನು ಬೇರು ಸಮೇತ ಕಿತ್ತು ಗುಂಡಿಗೆ ಹಾಕುವುದು ಅವರ ರೂಢಿ. ಏನೂ ಹಾಳಾಗಬಾರದು ಅನ್ನುವ ಒಳ್ಳೆಯ ರೂಢಿ ಅದು. ಆದರೆ ಮನೆಯ ಗುಂಡಿ ಚಿಕ್ಕದು, ದಿನಾ ಸ್ವಲ್ಪ ಸ್ವಲ್ಪ ತುಂಬುವಂಥದ್ದು. ದೊಡ್ಡ ರಾಶಿಯ ಹಾಗೆ ಒಳಗೆ ಕಾಯುವುದಿಲ್ಲ. ಗಂಟಿನ ಒಳಗಿನ ಮೊಟ್ಟೆ ಅಲ್ಲಿ ಸಾಯುವುದು ಖಾತ್ರಿಯಿಲ್ಲ. ಬಲ ಸಾಲದು ಅಂತ ಬುಟ್ಟಿಗಟ್ಟಲೆ ಹಾಕಿದ ಗೊಬ್ಬರದಲ್ಲಿ ಹುಳುವೂ ಮಡಿಯಿಂದ ಮಡಿಗೆ ಹೋಗಿರಬೇಕು. ಇದು ಗೊತ್ತಾದಾಗ ಅವರು ತುಂಬಾ ನೊಂದುಕೊಂಡರು. ಸನಿಕೆ, ಚಪ್ಪಲಿ, ಹರಿಯುವ ನೀರು, ನರ್ಸರಿಯ ಸಸಿ, ಎಲ್ಲದರಲ್ಲೂ ಇದು ಸಾಗುತ್ತದೆ, ಯಾವುದು ಎಷ್ಟು ಅಂತ ಯಾರು ಹೇಳಬಲ್ಲರು ಅಂತ ಸಮಾಧಾನ ಮಾಡಿದೆ.

ಬೇಸಿಗೆಯಿಂದ ದಸರಾವರೆಗೆ

ಮಾರ್ಚ್‌ನಲ್ಲಿ ಟೊಮೆಟೊ, ಬದನೆ, ಮೆಣಸಿನ ಗಿಡ ಎಲ್ಲವನ್ನೂ ಅಗೆದು ತೆಗೆದೆವು. ಬೇರನ್ನು ತಾರಸಿಯ ಮೇಲೆ ಎಂಟು ದಿನ ಒಣಗಿಸಿ, ಬಚ್ಚಲ ಒಲೆಗೆ ಹಾಕಿದೆವು.

ಯುಗಾದಿ ಆದ ವಾರ, ಹುಳು ಕಾವಿಗೆ ಸಾಯಲಿ ಅಂತ, ಮೊದಲ ಎರಡು ಮಡಿಗೆ ಬಿಸಿಲು ಕಾಯಿಸುವ ಕೆಲಸ. ಮಣ್ಣನ್ನು ಅಗೆದು, ಹೆಂಟೆ ಒಡೆದು, ಮಟ್ಟ ಮಾಡಿ, ಚೆನ್ನಾಗಿ ನೀರು ಕುಡಿಸಬೇಕು. ಒಣ ಮಣ್ಣಿಗಿಂತ ಒದ್ದೆ ಮಣ್ಣಿನಲ್ಲಿ ಕಾವು ಆಳಕ್ಕೆ ಇಳಿಯುತ್ತದೆ. ಅದರ ಮೇಲೆ ತೆಳು ಪ್ಲಾಸ್ಟಿಕ್ ಹಾಳೆ ಹಾಸಿ ನಾಲ್ಕೂ ಅಂಚನ್ನು ಮಣ್ಣಲ್ಲಿ ಹೂಳಬೇಕು. ಚಿಕ್ಕಪ್ಪ ಮನೆಯಲ್ಲಿದ್ದ ನೀಲಿ ಟಾರ್ಪಾಲ್ ಹಾಸಿಬಿಟ್ಟಿದ್ದರು. ಐದು ದಿನ ಹಾಗೇ ಹೋಯಿತು. ಹಾಳೆ ಪಾರದರ್ಶಕವಾಗಿಯೇ ಇರಬೇಕು. ಬಿಸಿಲು ಹಾಳೆಯನ್ನು ದಾಟಿ ನೇರ ಮಣ್ಣಿಗೆ ಬೀಳಬೇಕು, ಕಾವು ಹೊರಗೆ ಹೋಗಬಾರದು. ಬಣ್ಣದ ಟಾರ್ಪಾಲ್ ತಾನು ಕಾಯುತ್ತದೆ, ಮಣ್ಣನ್ನು ಅಷ್ಟು ಕಾಯಿಸುವುದಿಲ್ಲ.

ಹುಡುಗ ಮಣ್ಣಿನ ಥರ್ಮಾಮೀಟರ್ ತಂದಿದ್ದ. ಏಪ್ರಿಲ್ ಮೂರನೇ ವಾರ, ಮಧ್ಯಾಹ್ನ ಎರಡೂವರೆಗೆ, ಎರಡು ಇಂಚು ಆಳದಲ್ಲಿ 48 ಡಿಗ್ರಿ. ಆರು ಇಂಚಿನಲ್ಲಿ 40. ಕಾಂಪೌಂಡಿನ ಕಡೆ, ಕರಿಬೇವಿನ ನೆರಳು ಬೀಳುವ ಜಾಗದಲ್ಲಿ ಎರಡು ಇಂಚಿಗೂ 37 ಮಾತ್ರ. ಆ ಅಂಕಿ ನೋಡಿದಾಗಲೇ ಆ ಮೂಲೆ ನಮಗೆ ಕೈಕೊಡುತ್ತದೆ ಅಂತ ಗೊತ್ತಾಯಿತು. ಮರ ಕಡಿಯಲು ಚಿಕ್ಕಮ್ಮ ಒಪ್ಪಲಿಲ್ಲ. ನಾನೂ ಒತ್ತಾಯ ಮಾಡಲಿಲ್ಲ, ಅಂಥ ಘಮದ ಕರಿಬೇವು ನಾನು ಬೇರೆಲ್ಲೂ ಕಂಡಿಲ್ಲ.

ಭರಣಿ ಮಳೆ ಒಂದೆರಡು ಸಲ ಜೋರಾಗಿ ಬಂತು. ಹಾಳೆಯ ಮೇಲೆ ನಿಂತ ನೀರನ್ನು ಪೊರಕೆಯಲ್ಲಿ ತಳ್ಳಿ, ಹರಿದ ಕಡೆ ಟೇಪು ಅಂಟಿಸಿದರು. ಆರು ವಾರ ಆದ ಮೇಲೆ ಹಾಳೆ ತೆಗೆದೆವು. ಆಮೇಲೆ ಆಳವಾಗಿ ಅಗೆಯಬಾರದು. ಕೆಳಗಿನ ತಂಪು ಮಣ್ಣಿನಲ್ಲಿ ಉಳಿದ ಹುಳು ಮತ್ತೆ ಮೇಲೆ ಬರುತ್ತದೆ.

ಜೂನ್ ಕೊನೆಗೆ ಮೊದಲನೇ ಮಡಿಗೆ ಚೆಂಡು ಹೂವು. ಅಂಚಿಗೆ ನಾಲ್ಕು ಗಿಡ ಅಲ್ಲ, ಇಡೀ ಮಡಿ ತುಂಬ, ಒಂಬತ್ತು ಇಂಚಿಗೊಂದು. ಟೊಮೆಟೊ ಪಕ್ಕ ಒಂದೆರಡು ಚೆಂಡು ಹೂವಿನ ಗಿಡ ನೆಟ್ಟರೆ ಜಂತುಹುಳು ಓಡಿಹೋಗುತ್ತದೆ ಅಂತ ತುಂಬಾ ಜನ ನಂಬಿದ್ದಾರೆ. ಅಷ್ಟರಿಂದ ಆಗುವುದಿಲ್ಲ. ಹುಳುವಿಗೆ ವಿಷವಾಗುವ ವಸ್ತು ಇರುವುದು ಆ ಗಿಡದ ಜೀವಂತ ಬೇರಿನಲ್ಲಿ. ಬೇರು ಹರಡಿದಷ್ಟು ಮಣ್ಣಿನಲ್ಲಿ ಮಾತ್ರ ಅದರ ಆಟ. ಹಾಗಾಗಿ ಬೇರು ಇಡೀ ಮಡಿಯನ್ನು ಹೆಣೆಯಬೇಕು, ಎರಡು ಮೂರು ತಿಂಗಳು ಅಲ್ಲೇ ಇರಬೇಕು, ನಡುವೆ ಟೊಮೆಟೊ ಜಾತಿಯ ಕಳೆಯೂ ಇರಬಾರದು. ಹಿತ್ತಲಲ್ಲಿ ತಾನಾಗಿ ಹುಟ್ಟುವ ಕಾಕಿಸೊಪ್ಪಿನ ಗಿಡ ಕೂಡ ಹುಳುವಿಗೆ ಊಟವೇ. ಚಿಕ್ಕಮ್ಮನಿಗೆ ಆ ಸೊಪ್ಪಿನ ಮೇಲೆ ಬಹಳ ಪ್ರೀತಿ, ಕೀಳಿಸಲು ಕಷ್ಟವಾಯಿತು.

ಗೌರಿ ಹಬ್ಬದ ಹೊತ್ತಿಗೆ ಮಡಿ ಹೊನ್ನಿನ ಬಣ್ಣ. ಆಗಸ್ಟ್ ಕೊನೆಯ ಒಣ ವಾರಗಳಲ್ಲಿ ಎಲೆಯಡಿ ಕೆಂಪು ನುಸಿ ಬಂತು. ಬೇವಿನೆಣ್ಣೆಗೆ ಸೋಪು ಸೇರಿಸಿ ಎರಡು ಸಲ ಸಿಂಪಡಿಸಿದರು. ಆಯುಧ ಪೂಜೆಗೆ ಬೀದಿಯ ಆರೇಳು ಮನೆಯ ಗಾಡಿಗಳಿಗೆ ಇಲ್ಲಿಂದಲೇ ಹೂವು ಹೋಯಿತು. ಹಬ್ಬ ಮುಗಿದ ಮೇಲೆ ಗಿಡವನ್ನು ನೆಲಮಟ್ಟಕ್ಕೆ ಕುಯ್ದು ಬೇರನ್ನು ಮಣ್ಣಲ್ಲೇ ಬಿಟ್ಟೆವು.

ಎರಡನೇ ಮಡಿಗೆ ಹಸಿರೆಲೆ ಗೊಬ್ಬರಕ್ಕೆಂದು ಸೆಣಬು ಬಿತ್ತಿ, ಹೂ ಕಚ್ಚುವ ಮೊದಲು ಮಣ್ಣಿಗೆ ಸೇರಿಸಿದೆವು. ಮೂರನೇ ಮಡಿಯನ್ನು ಖಾಲಿ ಬಿಡಲು ಚಿಕ್ಕಪ್ಪ ಒಪ್ಪಲಿಲ್ಲ. "ಹಿತ್ತಲು ಪೂರ್ತಿ ಹೂವು ಹಾಕಿದ್ರೆ ಸಾರಿಗೆ ಏನ್ ಹಾಕೋದು?" ಅಂದರು. ಅದೂ ನ್ಯಾಯವೇ. ಅಲ್ಲಿ ಬಿಸಿಲೂ ಕಾಯಿಸಲಿಲ್ಲ, ಹೂವೂ ಹಾಕಲಿಲ್ಲ. ಬೇವಿನ ಹಿಂಡಿ ಮಾತ್ರ ಹಾಕಿ ಮತ್ತೆ ಹುರುಳಿಕಾಯಿ ಬಿತ್ತಿದರು. ಇದರಿಂದ ಹೋಲಿಸಿ ನೋಡಲು ನಮಗೊಂದು ದಾರಿ ಸಿಕ್ಕಿತು.

ಮತ್ತೆ ಟೊಮೆಟೊ

ಅಕ್ಟೋಬರ್‌ನಲ್ಲಿ ಹೊರಗಿಂದ ತಂದ 25 ಕಿಲೋ ಹಳೇ ಸಗಣಿ ಗೊಬ್ಬರಕ್ಕೆ ಟ್ರೈಕೋಡರ್ಮಾ 50 ಗ್ರಾಂ, ಪೆಸಿಲೋಮೈಸಿಸ್ 50 ಗ್ರಾಂ ಬೆರೆಸಿದೆವು. ಮೊದಲನೆಯದು ಬೇರಿಗೆ ರೋಗ ತರುವ ಶಿಲೀಂಧ್ರಗಳನ್ನು ತಡೆಯುವ ಒಳ್ಳೆಯ ಶಿಲೀಂಧ್ರ, ಎರಡನೆಯದು ಬೇರುಗಂಟು ಹುಳುವಿನ ಮೊಟ್ಟೆಯನ್ನು ತಿನ್ನುವ ಶಿಲೀಂಧ್ರ. ಟನ್ನಿಗೆ 2 ಕಿಲೋ ಅನ್ನುವುದು ಹೊಲದ ಲೆಕ್ಕ, ಅದನ್ನೇ ಚಿಕ್ಕದು ಮಾಡಿಕೊಂಡೆವು. ಕರಿಬೇವಿನ ನೆರಳಲ್ಲಿ ಗೋಣಿಚೀಲ ಮುಚ್ಚಿ, ನೀರು ಚಿಮುಕಿಸುತ್ತಾ 15 ದಿನ ಇಟ್ಟೆವು. ಬಿಸಿಲಿಗೆ ಇಟ್ಟರೆ ಆ ಜೀವಿಗಳು ಸಾಯುತ್ತವೆ. ಮಡಿಗೆ ಮುಕ್ಕಾಲು ಕಿಲೋ ಬೇವಿನ ಹಿಂಡಿಯೂ ಬಿತ್ತು, ನಾಟಿಗೆ ಹದಿನೈದು ದಿನ ಮುಂಚೆ. ಹಿಂಡಿ ಹಾಕಿದ ಕೂಡಲೇ ಸಸಿ ನೆಟ್ಟರೆ ಎಳೆಬೇರು ಸುಡುತ್ತದೆ.

ಸಸಿಯನ್ನು ಈ ಸಲ ಮನೆಯಲ್ಲೇ, ಸಣ್ಣ ಸಣ್ಣ ಗುಳಿ ಇರುವ ಪ್ರೋ ಟ್ರೇಯಲ್ಲಿ ತೆಂಗಿನ ನಾರಿನ ಪುಡಿ ತುಂಬಿ ಬೆಳೆಸಿದರು. ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಅರ್ಕಾ ರಕ್ಷಕ್ ಬೀಜ. ಎಲೆ ಮುಟುರು ರೋಗ, ದುಂಡಾಣು ಸೊರಗು, ಎಲೆಯ ಅಂಗಮಾರಿ ಮೂರನ್ನೂ ತಡೆಯುವ ತಳಿ. ಬೇರುಗಂಟನ್ನು ತಡೆಯುವುದಿಲ್ಲ, ಅದು ಗೊತ್ತಿದ್ದೇ ತಂದೆವು. ಬೇರುಗಂಟನ್ನು ತಡೆಯುವ ಟೊಮೆಟೊ ತಳಿಗಳೂ ಇವೆ. ಆದರೆ ಅವುಗಳಲ್ಲಿ ಬಹುಪಾಲಿನ ಶಕ್ತಿ ಮಣ್ಣು 28 ಡಿಗ್ರಿ ದಾಟಿದ ಮೇಲೆ ಕುಗ್ಗುತ್ತದೆ. ಬೇಸಿಗೆ ಬೆಳೆಗೆ ಅವನ್ನೇ ನಂಬಿ ಕೂರುವುದು ಸರಿಯಲ್ಲ.

ನವೆಂಬರ್ ಮೊದಲ ವಾರ 14 ಸಸಿ ನೆಟ್ಟರು. ನೀರು ದಿನ ಬಿಟ್ಟು ದಿನ, ಅದೂ ಒಂದೇ ಹೊತ್ತು. ಜನವರಿಯಿಂದ ಮಾರ್ಚ್‌ವರೆಗೆ ಕಾಯಿ. ಚಿಕ್ಕಮ್ಮ ಕ್ಯಾಲೆಂಡರಿನ ಮೇಲೆ ಪ್ರತಿ ಕೊಯ್ಲಿನ ತೂಕ ಬರೆದಿದ್ದರು. ಹಿಂದಿನ ಬೆಳೆ ಒಟ್ಟು ಆರು ಕಿಲೋ. ಈ ಸಲ 31 ಕಿಲೋ. ತಳಿ ಬೇರೆ, ಚಳಿಗಾಲ ಬೇರೆ, ಆದ್ದರಿಂದ ಈ ವ್ಯತ್ಯಾಸ ಪೂರ್ತಿ ಹುಳುವಿನ ಲೆಕ್ಕಕ್ಕೆ ಹಾಕಲು ಆಗುವುದಿಲ್ಲ. ನನಗೆ ತೂಕಕ್ಕಿಂತ ಮುಖ್ಯವಾದದ್ದು ಕೊನೆಗೆ ಬೇರು ತೊಳೆದು ನೋಡಿದ್ದು.

ಹದಿನಾಲ್ಕನ್ನೂ ಅಗೆದು, ಸಾಲಾಗಿ ತಾರಸಿಯ ಮೇಲೆ ಇಟ್ಟೆವು. ಹನ್ನೊಂದು ಗಿಡದ ಬೇರು ಪೊದೆಪೊದೆಯಾಗಿತ್ತು. ಗಂಟು ಇತ್ತು, ಎಣಿಸುವಷ್ಟು, ಅದೂ ಆಳಕ್ಕೆ ಇಳಿದ ಬೇರಿನ ತುದಿಯಲ್ಲಿ. ಕರಿಬೇವಿನ ಕಡೆಯ ಮೂರು ಗಿಡದಲ್ಲಿ ಮಾತ್ರ ಹಳೇ ಶುಂಠಿಯಂಥ ಊತ. ಥರ್ಮಾಮೀಟರ್ 37 ತೋರಿಸಿದ್ದ ಜಾಗ ಅದೇ. ಎರಡನೇ ಮಡಿಯ ಬದನೆ ಮಧ್ಯಮ. ಮೂರನೇ ಮಡಿಯ ಹುರುಳಿಕಾಯಿ ಬೇರಿನಲ್ಲಿ ಗುಲಾಬಿ ಗಂಟಿಗಿಂತ ಹುಳುವಿನ ಗಂಟೇ ಜಾಸ್ತಿ. ಬರೀ ಬೇವಿನ ಹಿಂಡಿ ಆ ಮಟ್ಟದ ಹಾವಳಿಗೆ ಸಾಲಲಿಲ್ಲ.

ಹುಳು ಪೂರ್ತಿ ಹೋಗಿಲ್ಲ, ಹೋಗುವುದೂ ಇಲ್ಲ. ಒಂದು ಸಲ ಬಂದ ಮಣ್ಣಿನಲ್ಲಿ ಅದನ್ನು ಕಡಿಮೆ ಮಾಡಿಕೊಂಡೇ ಬೆಳೆ ತೆಗೆಯಬೇಕು. ಈ ವರ್ಷದ ಯುಗಾದಿಗೆ ಮೂರನೇ ಮಡಿಯ ಮೇಲೆ ಹಾಳೆ ಬಿತ್ತು, ಈ ಸಲ ಹಾಸಿದವರು ಚಿಕ್ಕಪ್ಪನೇ. ಕರಿಬೇವಿನ ಬುಡದ ಮೂರಡಿ ಜಾಗವನ್ನು ಚೆಂಡು ಹೂವಿಗೇ ಬಿಟ್ಟುಕೊಟ್ಟಾಗಿದೆ. ಹಳೇ ಗುಂಡಿಯ ಗೊಬ್ಬರ ಮನೆ ಮುಂದಿನ ಮಾವಿನ ಗಿಡಕ್ಕೆ ಹೋಯಿತು. ಟೊಮೆಟೊ ಬೇರು ಈಗ ಗುಂಡಿಗೆ ಬೀಳುವುದಿಲ್ಲ, ತಾರಸಿಯಲ್ಲಿ ಒಣಗಿ ಬಚ್ಚಲ ಒಲೆ ಸೇರುತ್ತದೆ. ಹೋದ ವಾರ ಎದುರು ಮನೆಯವರು ಮೆಣಸಿನ ಗಿಡ ಬಾಡುತ್ತಿದೆ, ಏನು ಹಾಕಲಿ ಅಂತ ಕೇಳಿಕೊಂಡು ಬಂದರಂತೆ. ಚಿಕ್ಕಮ್ಮ ಬಕೆಟ್ಟು, ಸನಿಕೆ ಎರಡನ್ನೂ ಹಿಡಿದುಕೊಂಡು ಅವರ ಜೊತೆಗೇ ಹೋದರಂತೆ.